ತಂತಿಯ ಬಳಿ ಕುಳಿತವರು
(ಕಾರ್ಮಿಕರ ಮತ್ತು ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ, ಅಂಗಡಿಯ ಬಾಗಿಲು ಹಾಕಿ ಇಷ್ಟು ಜನ ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ. ವಿಷಾನಿಲ ಸೋರಿದ ರಾತ್ರಿ ಸುದ್ದಿ ಹೇಗೆ ಓಡುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದಷ್ಟೇ ನಾವು ಹೇಳಬೇಕೆಂದಿರುವ ಮಾತು.

1984ನೆಯ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ 610ನೆಯ ಟ್ಯಾಂಕಿಗೆ ನೀರು ಸೇರಿತು. ಅದರಲ್ಲಿದ್ದದ್ದು ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್. ಒಂದು ಗಂಟೆಯ ಸುಮಾರಿಗೆ ಊರಿಗೆ ಕೇಳುವ ಸೈರನ್ ಕೂಗಿತು. ಕೆಲವೇ ನಿಮಿಷಗಳಲ್ಲಿ ಅದರ ಬಾಯಿ ಕಟ್ಟಿದರು. ಜನ ಗಾಬರಿಯಾಗಬಾರದೆಂದು ಒಳಗಿನ ಸೈರನ್ನೇ ಬೇರೆ, ಹೊರಗಿನದೇ ಬೇರೆ ಮಾಡಿಟ್ಟಿದ್ದರು. ಅದು ಮತ್ತೆ ಕೂಗಿದ್ದು ಎರಡು ಗಂಟೆ ಕಳೆದ ಮೇಲೆ. ಅಷ್ಟರಲ್ಲಿ ಗುಡಿಸಲುಗಳ ಜನ ಉಸಿರು ಸಿಕ್ಕದೆ ಬೀದಿಗೆ ಬಿದ್ದಿದ್ದರು.

ಅದೇ ರಾತ್ರಿ, ಅದೇ ಊರಿನ ರೈಲು ನಿಲ್ದಾಣವನ್ನು ನೋಡಿ. ಉಪ ನಿಲ್ದಾಣಾಧಿಕಾರಿ ಗುಲಾಮ್ ದಸ್ತಗೀರ್ ಅಲ್ಲಿ ಕೆಲಸದ ಮೇಲಿದ್ದರು. ಕಣ್ಣು ಉರಿ, ಗಂಟಲು ಬಿಗಿತ. ಪ್ಲಾಟ್‌ಫಾರಮ್ಮಿನಲ್ಲಿ ಜನ ತುಂಬಿದ ಎಕ್ಸ್‌ಪ್ರೆಸ್ ನಿಂತಿತ್ತು. ಮೇಲಿನವರ ಅಪ್ಪಣೆಗೆ ಕಾಯದೆ ಅದನ್ನು ಹೊತ್ತಿಗೆ ಮುಂಚೆಯೇ ಬಿಡಿಸಿದರು. ವಿದಿಶಾಕ್ಕೆ, ಇಟಾರಸಿಗೆ ಸುದ್ದಿ ಮುಟ್ಟಿಸಿ, ಭೋಪಾಲದ ಕಡೆ ಬರುವ ಗಾಡಿಗಳನ್ನು ತಡೆಯಿರಿ ಎಂದರು. ನಿಲ್ದಾಣದಲ್ಲಿ ಅವರ ಎಷ್ಟೋ ಜೊತೆಗಾರರು ಸತ್ತರು. ದಸ್ತಗೀರರು ಬದುಕಿದರು, ಆದರೆ ಅನಿಲ ಸುಟ್ಟ ಗಂಟಲನ್ನು ಹೊತ್ತು ಬದುಕಿದರು, 2003ರಲ್ಲಿ ತೀರಿಕೊಂಡರು.

ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲೂ ಹೀಗೆಯೇ ನಡೆದಿತ್ತು. 1917ನೆಯ ಡಿಸೆಂಬರ್ 6ರಂದು ಸಿಡಿಮದ್ದಿನ ಹಡಗಿಗೆ ಬೆಂಕಿ ಬಿತ್ತು. ರೈಲ್ವೆಯ ವಿನ್ಸೆಂಟ್ ಕೋಲ್‌ಮನ್ ಓಡಿಹೋಗಬಹುದಾಗಿದ್ದವರು ಹಿಂದಿರುಗಿ, ಗಾಡಿ ತಡೆಯಿರೆಂದು ತಂತಿ ಕಳಿಸಿ ಸತ್ತರು. ಊರಿನ ತಂತಿಗಳೆಲ್ಲ ಕಡಿದುಬಿದ್ದರೂ ಆ ಸುದ್ದಿ ಆಗಲೇ ದಾರಿಯುದ್ದಕ್ಕೂ ಮುಟ್ಟಿತ್ತು.

ಇಂಥವರನ್ನು ಹೊಗಳುವುದು ಸುಲಭ. ನಾವು ಮೇಷ್ಟರಾಗಿದ್ದಾಗ ಹುಡುಗರಿಗೆ ಹಾಗೆಯೇ ಹೊಗಳಿ ಪಾಠ ಹೇಳುತ್ತಿದ್ದೆವು. ಆದರೆ ಅವರಿಗೆ ಮುಖವಾಡ ಕೊಟ್ಟವರು ಯಾರು? ಎಂದು ಯಾವ ಹುಡುಗನೂ ಕೇಳಲಿಲ್ಲ, ನಾವೂ ಕೇಳಿಸಲಿಲ್ಲ.

ಈಗ ಎಲ್ಲರ ಜೇಬಿನಲ್ಲೂ ಮೊಬೈಲಿದೆ. ನಂಬಿ ಕೂರಬೇಡಿ. ಅವಘಡದ ಗಳಿಗೆಯಲ್ಲಿ ಊರಿಗೆ ಊರೇ ಕರೆ ಮಾಡಿದರೆ ಮಾರ್ಗ ಕಿಕ್ಕಿರಿಯುತ್ತದೆ. ಆಂಬ್ಯುಲೆನ್ಸಿನ ಕರೆಯೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಕಿಡಿ ಹಾರೀತೆಂದು ವಿದ್ಯುತ್ ಕಡಿದರೆ ಟವರು ಬ್ಯಾಟರಿಯ ಮೇಲೆ ನಿಲ್ಲುತ್ತದೆ, ಅದು ಕೆಲವು ಗಂಟೆಯ ಬಾಳು. ಆಮೇಲೆ ಡೀಸೆಲ್ ಬೇಕು. ಅನಿಲ ಹರಡಿದ ಜಾಗಕ್ಕೆ ಡೀಸೆಲ್ ಒಯ್ಯುವವನು ದಿನಗೂಲಿಯ ನಮ್ಮ ಹುಡುಗ. ಎಕ್ಸ್‌ಚೇಂಜಿನಲ್ಲಿ ಯಂತ್ರ ತಣ್ಣಗಿರಲೆಂದು ಹೊರಗಿನ ಗಾಳಿ ಎಳೆಯುವ ಫ್ಯಾನಿದ್ದರೆ ಅದೇ ವಿಷವನ್ನು ಒಳಗೆ ತರುತ್ತದೆ. ಅದನ್ನು ನಿಲ್ಲಿಸಬೇಕೆಂದು ಕಾವಲುಗಾರನಿಗೆ ಯಾರಾದರೂ ಹೇಳಿರಬೇಕಷ್ಟೆ.

2020ನೆಯ ಮೇ 7ರಂದು ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದಾಗ ಕಾರ್ಖಾನೆಯ ಸೈರನ್ ಕೂಗಲೇ ಇಲ್ಲ. ಭೋಪಾಲದ ನಂತರ, 1987ರಲ್ಲಿ, ಕಾರ್ಖಾನೆ ಕಾಯಿದೆ ತಿದ್ದಿ, ಅಪಾಯದ ಸಂಗತಿಯನ್ನು ಕೆಲಸಗಾರರಿಗೂ ನೆರೆಯವರಿಗೂ ತಿಳಿಸಬೇಕೆಂದು ಬರೆದಿದ್ದರು. ಬರೆದದ್ದು ಕಾಗದದಲ್ಲಿತ್ತು.

ಯಾವ ಊರಾದರೂ ಸರಿ, ಐಸ್ ಕಾರ್ಖಾನೆಯಲ್ಲಿ ಅಮೋನಿಯಾ, ನೀರಿನ ಮನೆಯಲ್ಲಿ ಕ್ಲೋರಿನ್ ಇರುತ್ತದೆ. ಆದ್ದರಿಂದ ಸೋಮವಾರ ಜಿಲ್ಲಾಧಿಕಾರಿಗಳಿಗೆ ಮನವಿ ಕೊಡುತ್ತಿದ್ದೇವೆ: ಸೈರನ್ನಿನ ಕೀಲಿ ಮ್ಯಾನೇಜರರ ಮನೆಯಲ್ಲಲ್ಲ, ಪಾಳಿಯ ಕೆಲಸಗಾರನ ಕೈಗೆಟಕುವಲ್ಲಿರಲಿ; ಪಾಳಿಯ ಟೆಲಿಫೋನಿನ ಪಕ್ಕ ಎರಡು ಮುಖವಾಡ ತೂಗುಹಾಕಿರಲಿ. ಸಹಿಯ ಪುಸ್ತಕ ಬಾಗಿಲ ಬಳಿಯ ಮೇಜಿನ ಮೇಲಿದೆ.