ಹುರುಳಿಗೆ ಹೊರದೇಶದ ಹಾದಿ
(ಮಲೆಬೆನ್ನೂರಿನಲ್ಲಿ ಮಾಡಿದ ಭಾಷಣದ ಪಠ್ಯ)



ಭದ್ರಾ ನಾಲೆಯ ನೀರುಂಡ ಈ ಊರಿನಲ್ಲಿ ನಿಂತು ಹುರುಳಿಯ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಇಲ್ಲಿ ಭತ್ತವೇ ದೊರೆ. ಆದರೆ ನಾಲೆ ಮುಟ್ಟದ ಹೊಲಗಳೂ ನಮ್ಮ ಗುಡ್ಡದ ಇಳಿಜಾರುಗಳೂ ಇವೆಯಲ್ಲ! ಅಲ್ಪ ಮಳೆಗೇ ಫಲಿಸಿ, ಬೇರಿನ ಗಂಟುಗಳಲ್ಲಿ ಸಾರಜನಕವನ್ನು ಕೂಡಿಡುತ್ತ, ಹಬ್ಬಿ ಮಣ್ಣನ್ನು ಕಾಯುವ ಇಂಥ ಬೆಳೆ ಆ ನೆಲಕ್ಕೆ ಬೇರೆ ವಿರಳ.

ಅದರ ಬೇಡಿಕೆ ಕುಗ್ಗಿದ್ದೇಕೆ? ಹುರುಳಿಯ ದೊಡ್ಡ ಗಿರಾಕಿ ಎತ್ತು. ಟ್ರ್ಯಾಕ್ಟರ್ ಬಂದು ಕೊಟ್ಟಿಗೆಗಳು ಬರಿದಾದಂತೆ ಆ ಗಿರಾಕಿಯೇ ಇಲ್ಲವಾದನು. ಮನೆಯೊಳಗೋ, ನೂರು ಗ್ರಾಂ ಕಾಳಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದ್ದರೂ, ಹುರುಳಿಕಟ್ಟಿನ ಸಾರು 'ಬಡವರ ಊಟ'ವೆನಿಸಿಕೊಂಡಿತು.

ಹಾಗಾದರೆ ರಫ್ತು? 2006ರಲ್ಲಿ ಕೇಂದ್ರ ಸರ್ಕಾರವು ಬೇಳೆಕಾಳುಗಳ ರಫ್ತನ್ನು ನಿಷೇಧಿಸಿತು. ಎಲ್ಲ ಬಗೆಯ ಕಾಳುಗಳಿಗೆ ಬಾಗಿಲು ತೆರೆದದ್ದು 2017ರ ನವೆಂಬರಿನಲ್ಲಿ. ಹೊರದೇಶಗಳಲ್ಲಿ ನೆಲೆಸಿದ ದಕ್ಷಿಣ ಭಾರತೀಯ ಕುಟುಂಬಗಳು ಹುರುಳಿಯನ್ನು ಮರೆತಿಲ್ಲ. ಮಾರುಕಟ್ಟೆ ಸಣ್ಣದು, ಆದರೆ ಶುದ್ಧ ಕಾಳನ್ನೇ ಕೇಳುವಂಥದು.

ನಾವು ಮಾಡುವುದೇನು? ಕಿತ್ತ ಹುರುಳಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ, ಲಾರಿ ಬಸ್ಸುಗಳ ಗಾಲಿಗೆ ಒಕ್ಕಣೆ ವಹಿಸುತ್ತೇವೆ. ಬೈಕ್ ಸವಾರರು ಜಾರಿ ಬೀಳುವುದು ಒತ್ತಟ್ಟಿಗಿರಲಿ, ಕಾಳಿನೊಡನೆ ಜಲ್ಲಿ, ಧೂಳು, ಎಣ್ಣೆ ಎಲ್ಲವೂ ಚೀಲ ಸೇರುತ್ತವೆ. ಒಮ್ಮೆ ನಾನು ಮಾದರಿ ಒಯ್ದಾಗ ವ್ಯಾಪಾರಿಯೊಬ್ಬರು ಮಾತನಾಡದೆ ಅದರಿಂದ ಕಲ್ಲನ್ನಾರಿಸಿ ನನ್ನ ಅಂಗೈಯಲ್ಲಿಟ್ಟರು. ಬೆಲೆ ಕೇಳುವ ಧೈರ್ಯ ನನಗಾಗಲಿಲ್ಲ.

ಆದುದರಿಂದ ಕಂಪನಿಗಳನ್ನು ಹುಡುಕುವ ಮೊದಲು ಊರಿಗೊಂದು ಕಣ ಮಾಡೋಣ. ತಾಡಪಾಲಿನ ಮೇಲೆ ಒಕ್ಕೋಣ. ನುಸಿಗೆ ವಿಷದ ಮಾತ್ರೆ ಬೇಡ. ಹೊರದೇಶದ ಪರೀಕ್ಷೆಯಲ್ಲಿ ಅದರ ಶೇಷ ಸಿಕ್ಕರೆ ಸರಕು ತಿರಸ್ಕೃತವಾದೀತು. ಚೆನ್ನಾಗಿ ಒಣಗಿಸಿ ಬೂದಿ ಬೆರೆಸಿಡುತ್ತಿದ್ದ ನಮ್ಮ ಅಜ್ಜಿಯರ ಕ್ರಮವೇ ಸಾಕು. ಈ ಹಿಂಗಾರಿನಲ್ಲಿ ಹತ್ತು ಮನೆಯವರು ಒಪ್ಪಿದರೆ, ಕಾಳು ಜರಡಿ ಹಿಡಿಯಲು ವಿದ್ಯಾರ್ಥಿಗಳೊಡನೆ ನಾನೂ ಬರುತ್ತೇನೆ.