ಫ್ಯಾಟ್ ಚೀಟಿಯಂತೆ ಕರೆಂಟ್ ಬಿಲ್ಲನ್ನೂ ನೋಡೋಣ

(ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳ ಹಾಲು ಉತ್ಪಾದಕರ ಸಹಕಾರ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಡೈರಿಗೆ ಹಾಲು ಹಾಕಿದ ಕೂಡಲೇ ತಾವು ಚೀಟಿ ನೋಡುತ್ತೀರಿ. ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು? ಒಂದು ಪಾಯಿಂಟ್ ಕಡಿಮೆ ಬಂದರೂ ಕಾರ್ಯದರ್ಶಿಯನ್ನು ಬಿಡುವುದಿಲ್ಲ. ಅದು ಸರಿಯೇ. ಆದರೆ ಸಂಘದ ಹಾಲು ಶೀತಲೀಕರಣ ಘಟಕಕ್ಕೆ ತಿಂಗಳು ತಿಂಗಳೂ ಬರುವ ಕರೆಂಟ್ ಬಿಲ್ಲನ್ನು ನಮ್ಮಲ್ಲಿ ಎಷ್ಟು ಜನ ಹೀಗೆ ನೋಡಿದ್ದೇವೆ? ಆ ಹಣ ಬೇರೆಯವರದಲ್ಲ. ಸಂಘದ ಖರ್ಚು ಏರಿದಷ್ಟೂ ನಮ್ಮ ಬೋನಸ್ ಇಳಿಯುತ್ತದೆ.

ನಾನು ಸಂಘದ ಲೆಕ್ಕ ನೋಡುತ್ತಿದ್ದಾಗ ಒಂದು ತಿಂಗಳ ಬಿಲ್ ಒಂದೂವರೆ ಪಟ್ಟು ಬಂತು. ಕೇಳಲು ಹೋದೆ. "ನಿಮ್ಮ ಲೆಕ್ಕ ತೋರಿಸಿ" ಎಂದರು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹಣ ಕಟ್ಟಿ ಬಂದೆ. ಆ ಬಿಲ್ ಸರಿಯೋ ತಪ್ಪೋ ಇಂದಿಗೂ ಗೊತ್ತಿಲ್ಲ. ಪುಸ್ತಕ ಇಡದೇ ಹೋದದ್ದು ನನ್ನದೇ ತಪ್ಪು.

ಆದ್ದರಿಂದ ಮೊದಲ ಕೆಲಸ, ಮೀಟರ್ ಪುಸ್ತಕ. ದಿನವೂ ಒಂದೇ ಹೊತ್ತಿಗೆ ಮೀಟರಿನ ಅಂಕಿ, ತಂಪು ಮಾಡಿದ ಹಾಲಿನ ಲೀಟರ್, ಜನರೇಟರ್ ಓಡಿದ ಗಂಟೆ, ಈ ಮೂರನ್ನು ಬರೆಯಿರಿ. ತಿಂಗಳ ಕೊನೆಗೆ ಸಾವಿರ ಲೀಟರಿಗೆ ಎಷ್ಟು ಯೂನಿಟ್ ಎಂದು ಲೆಕ್ಕ ಹಾಕಿ. ಹಾಲು ಅಷ್ಟೇ ಇದ್ದು ಯೂನಿಟ್ ಏರಿದರೆ, ಒಂದು ಬಿಲ್ಲಿನಲ್ಲಿ ತಪ್ಪಿರಬೇಕು, ಇಲ್ಲವೇ ಯಂತ್ರದಲ್ಲಿ ದೋಷವಿರಬೇಕು. ಕಂಡೆನ್ಸರ್‌ಗೆ ಧೂಳು ಕೂತರೂ, ಗ್ಯಾಸ್ ಸೋರಿದರೂ ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಏರುವುದು ಸಹಜ.

ಎರಡನೆಯದು, ಬಿಲ್ ಓದುವುದು. ಹೋದ ತಿಂಗಳ "ಇಂದಿನ ಮಾಪನ"ವೇ ಈ ತಿಂಗಳ "ಹಿಂದಿನ ಮಾಪನ" ಆಗಿರಬೇಕು. ಸಿ.ಟಿ. ಕೂರಿಸಿದ ಮೀಟರಾದರೆ ಸ್ಥಿರಾಂಕ ನೋಡಿ. ಉದಾಹರಣೆಗೆ, 50/5 ಸಿ.ಟಿ.ಗೆ ಸ್ಥಿರಾಂಕ 10. ಅಂಕಿಯ ವ್ಯತ್ಯಾಸ 275 ಇದ್ದರೆ ಬಳಕೆ 2,750 ಯೂನಿಟ್. ಅಲ್ಲಿ 20 ಎಂದು ಬಿದ್ದರೆ 5,500 ಆಗುತ್ತದೆ! ವಾಣಿಜ್ಯಕ್ಕೆ ಎಲ್.ಟಿ.-3, ಕೈಗಾರಿಕೆಗೆ ಎಲ್.ಟಿ.-5 ದರ. ನಮ್ಮ ಘಟಕವನ್ನು ಯಾವುದರಲ್ಲಿ ಸೇರಿಸಿದ್ದಾರೆ ಎಂದು ಕೇಳಿ. ಮಂಜೂರಾದ ಲೋಡನ್ನೂ ಪವರ್ ಫ್ಯಾಕ್ಟರನ್ನೂ ನೋಡಿ. ಕೆಪಾಸಿಟರ್ ಕೆಟ್ಟರೆ ದಂಡ ಬೀಳುತ್ತದೆ.

ಮೂರನೆಯದು, ಅವರ ಲೆಕ್ಕವನ್ನು ತರುವುದು. ನಮ್ಮ ಜಿಲ್ಲೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಸೇರಿದೆ. ಆರ್.ಆರ್. ನಂಬರ್ ಬರೆದು, ಹನ್ನೆರಡು ತಿಂಗಳ ಲೆಡ್ಜರ್ ಪ್ರತಿ ಬೇಕೆಂದು ಉಪವಿಭಾಗ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎಲೆಕ್ಟ್ರಾನಿಕ್ ಮೀಟರಿನ ನೆನಪಿನಲ್ಲಿ ಉಳಿದಿರುವ ಬಳಕೆಯ ಅಂಕಿಅಂಶಗಳನ್ನೂ ಕೇಳಿ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು.

ಎರಡೂ ಲೆಕ್ಕ ತಾಳೆಯಾಗದಿದ್ದರೆ ಲಿಖಿತ ದೂರು ಕೊಡಿ, ಮೀಟರ್ ಪರೀಕ್ಷೆಗೆ ಕೇಳಿ. ಕರೆಂಟ್ ಕಿತ್ತಾರೆಂದು ಹೆದರಬೇಡಿ. 2003ರ ವಿದ್ಯುತ್ ಕಾಯ್ದೆಯ 56ನೇ ಕಲಮಿನಂತೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ, ವಿವಾದ ತೀರುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ.

ಬಂಧುಗಳೇ, ಇದು ಯಾರನ್ನೂ ಅನುಮಾನಿಸುವ ಮಾತಲ್ಲ. ಬಿಲ್ ಸರಿಯಿದ್ದರೆ ಗಡುವಿನೊಳಗೆ ಕಟ್ಟೋಣ. ಆದರೆ ಅದು ಸರಿ ಎಂದು ನಮ್ಮ ಪುಸ್ತಕ ಹೇಳಬೇಕು. ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಯವರನ್ನು ಒಂದು ಮಾತು ಕೇಳಿ: "ಸ್ವಾಮಿ, ಇವತ್ತಿನ ಮೀಟರ್ ಎಷ್ಟಿದೆ?"

ಜೈ ಸಹಕಾರ.