ನೆರೆಹೊರೆಯ ಸಂಘಗಳು ಒಂದುಗೂಡಿದಾಗ



ಮನೆಯ ಕಸ ಹೊಸ್ತಿಲು ದಾಟಿದೊಡನೆ ಊರಿನ ಕಸವಾಗುತ್ತದೆ. ಅದರ ಹೊಣೆಯನ್ನು ಬೀದಿಯ ನಿವಾಸಿಗಳೇ ವಹಿಸಿಕೊಂಡ ನಿದರ್ಶನಗಳು ದೇಶದ ಮಹಾನಗರಗಳಲ್ಲಿವೆ. 1989ರಲ್ಲಿ ಅಂದಿನ ಮದರಾಸಿನಲ್ಲಿ ಆರಂಭವಾದ ಎಕ್ಸ್‌ನೋರಾ ಚಳವಳಿಯಲ್ಲಿ ನಿವಾಸಿಗಳು ವಂತಿಗೆ ಕೂಡಿಸಿ, ಮನೆಮನೆಯಿಂದ ಕಸ ಸಂಗ್ರಹಿಸುವ ವ್ಯವಸ್ಥೆ ಮಾಡಿಕೊಂಡರು. ಮುಂಬಯಿಯ ಘಾಟ್ಕೋಪರ್‌ನ ಜೋಶಿ ಗಲ್ಲಿಯವರು ಕೈಗೊಂಡ ಇಂಥದೇ ಪ್ರಯತ್ನವು 1997ರಲ್ಲಿ ಮಹಾನಗರಪಾಲಿಕೆಯ ಬಡಾವಣೆ ನಿರ್ವಹಣಾ ಯೋಜನೆಗೆ ಮಾದರಿಯಾಯಿತು.

ಆದರೆ ಚರಂಡಿಯನ್ನು ಒಂದೇ ಬೀದಿಯವರು ನಿರ್ವಹಿಸಲಾಗದು. ಮೇಲಿನ ಬೀದಿಯಲ್ಲಿ ಎಸೆದ ಪ್ಲಾಸ್ಟಿಕ್ ಚೀಲವು ಕೆಳಗಿನ ಬೀದಿಯ ಮನೆಗಳಿಗೆ ನೀರು ನುಗ್ಗಲು ಕಾರಣವಾಗುತ್ತದೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ, ಕಟ್ಟಿಕೊಂಡಿದ್ದ ಚರಂಡಿಗಳು ನಗರದ ಹಾನಿಯನ್ನು ಹೆಚ್ಚಿಸಿದವು.

ಆದುದರಿಂದ ಅಕ್ಕಪಕ್ಕದ ಸಂಘಗಳು ಮಳೆಗಾಲಕ್ಕೆ ಮುನ್ನವೇ ಕೂಡಿ ಕುಳಿತು, ಚರಂಡಿಯನ್ನು ಮೊದಲಿನಿಂದ ಕೊನೆಯವರೆಗೆ ಪರಿಶೀಲಿಸಿ, ಒಂದೇ ಮನವಿಯನ್ನು ಸಿದ್ಧಪಡಿಸುವುದು ಉಚಿತ. “ನಮ್ಮ ಬೀದಿಗೆ ಮೊದಲು” ಎಂಬ ಪೈಪೋಟಿಯಿಂದ ಯಾವ ಬೀದಿಗೂ ಪ್ರಯೋಜನವಿಲ್ಲ. 3 ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು, 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ವಿಧಿಸಿದೆ. ಮನವಿಯನ್ನು ಅಲ್ಲಿಗೆ ಒಯ್ಯಬಹುದು. ಹನಿಗೂಡಿದರೆ ಹಳ್ಳವೆಂಬ ಗಾದೆ ಮಳೆನೀರಿಗೆ ಸಲ್ಲುವಂತೆ ನಾಗರಿಕರ ದನಿಗೂ ಸಲ್ಲುತ್ತದೆ.